ಮಣ್ಣು-ಮರ ಪ್ರಶ್ನೋತ್ತರ: ಸುಟ್ಟ ಗುಡ್ಡ, ನೆಟ್ಟ ಗುಡ್ಡ

ಬೇಸಿಗೆಯಿಂದ ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡೇ ವಿಷಯಕ್ಕೆ ಸೇರಿದ್ದು. ಗುಡ್ಡಕ್ಕೆ ಬೆಂಕಿ ಇಡುವುದು, ಗುಡ್ಡದಲ್ಲಿ ಗಿಡ ನೆಡುವುದು. ಅದಕ್ಕೇ ಈ ಸಂಚಿಕೆಯಲ್ಲಿ ಗೊಬ್ಬರ, ಕುಂಡ, ಬಾಲ್ಕನಿ ಟೊಮೇಟೊ ಎಲ್ಲ ಪಕ್ಕಕ್ಕಿಟ್ಟಿದ್ದೇನೆ. ಹೊಸ ಓದುಗರಿಗೆ ಒಂದು ಮಾತು. ನಾನು ಯಲ್ಲಾಪುರದ ಕಡೆಯವಳು. ಮಣ್ಣು ಪರೀಕ್ಷೆ ಲ್ಯಾಬಿನಲ್ಲಿ ದುಡಿದು ನಿವೃತ್ತಳಾಗಿ ಈಗ ಮಡಗಾಂವಿನಲ್ಲಿದ್ದೇನೆ. ಈ ಅಂಕಣದಲ್ಲಿ ಪತ್ರ ಬರೆದವರ ಹೆಸರು ಹಾಕುವುದಿಲ್ಲ. ಊರು ಸಾಕು.

ಪ್ರಶ್ನೆ (ಡೊಂಬಿವಲಿ): ಏಪ್ರಿಲ್‌ನಲ್ಲಿ ಗೆಳೆಯರೆಲ್ಲ ಕರ್ಜತ್ ಕಡೆ ಟ್ರೆಕ್ಕಿಂಗ್ ಹೋಗಿದ್ದೆವು. ಅಲ್ಲಿನ ಆದಿವಾಸಿಗಳು ಗದ್ದೆಯಲ್ಲಿ ಕೊಂಬೆ, ಎಲೆ ಒಟ್ಟಿ ಸುಡುತ್ತಿದ್ದರು. ಸುತ್ತಲಿನ ಮರಗಳೆಲ್ಲ ಬೋಳು. ಇದೇ ಅಲ್ವಾ ಕುಮರಿ? ತಡೆಯುವವರು ಯಾರೂ ಇಲ್ಲವೇ? ಮಳೆಗಾಲದಲ್ಲಿ ಅದೇ ಗುಡ್ಡದ ಮೇಲೆ ಖಾಲಿ ಇರುವ ಜಾಗದಲ್ಲಿ ಗಿಡ ನೆಡೋಣ ಅಂತಿದ್ದೇವೆ.

ಉತ್ತರ: ಕುಮರಿ ಅಂದರೆ ಸ್ಥಳಾಂತರ ಬೇಸಾಯ. ಗುಡ್ಡದ ಒಂದು ತುಂಡು ಕಾಡು ಕಡಿದು, ಸುಟ್ಟು, ಒಂದೆರಡು ವರ್ಷ ಬೆಳೆದು ಮುಂದಿನ ಜಾಗಕ್ಕೆ ಹೋಗುವುದು. ನೀವು ನೋಡಿದ್ದು ಕುಮರಿ ಅಲ್ಲ, ರಾಬ್. ಕೊಂಕಣದಲ್ಲಿ ಭತ್ತ, ರಾಗಿ ಬೆಳೆಯುವವರ ಹಳೆಯ ಪದ್ಧತಿ. ಸುಡುವುದು ಸಸಿಮಡಿಯ ಜಾಗವನ್ನು ಮಾತ್ರ. ಮತ್ತಿ ಮರದ ಸೊಪ್ಪು, ಒಣ ಎಲೆ, ಹುಲ್ಲು, ಒಂದಿಷ್ಟು ಸಗಣಿ ಪದರ ಪದರವಾಗಿ ಹಾಸುತ್ತಾರೆ. ಮೇಲೆ ತೆಳ್ಳಗೆ ಮಣ್ಣು ಉದುರಿಸುತ್ತಾರೆ. ನಿಧಾನಕ್ಕೆ ಉರಿಯುವ ಹಾಗೆ ಬೆಂಕಿ ಕೊಡುತ್ತಾರೆ. ಆ ಕಾವಿಗೆ ಕಳೆಯ ಬೀಜ ಸಾಯುತ್ತದೆ. ಬೂದಿಯಿಂದ ಸಸಿಗೆ ಪೊಟ್ಯಾಷ್ ಸಿಗುತ್ತದೆ. ಜೂನ್ ಮಳೆಗೆ ಇಲ್ಲಿ ಕಳೆ ಯಾವ ಪರಿ ಏಳುತ್ತದೆ ಅಂತ ನಿಮ್ಮ ಸ್ಟೇಷನ್ನಿನ ಹಳಿ ಪಕ್ಕ ನೋಡಿದರೂ ಗೊತ್ತಾಗುತ್ತದೆ.

ಮರ ಬೋಳಾಗಿದೆ, ಸತ್ತಿಲ್ಲ. ಆಗಸ್ಟ್‌ನಲ್ಲಿ ಹೋಗಿ ನೋಡಿ, ಚಿಗುರಿರುತ್ತದೆ. ಸೊಪ್ಪು ಕಡಿಯುವವನಿಗೆ ಮುಂದಿನ ವರ್ಷವೂ ಅದೇ ಮರ ಬೇಕಲ್ಲ. ಸಗಣಿ ಸುಡುವುದು ಮಾತ್ರ ನನಗೆ ಹಿಡಿಸದ ಭಾಗ. ಅದರಲ್ಲಿರುವ ಸಾರಜನಕ ಹೊಗೆಯಾಗಿ ಹೋಗುತ್ತದೆ. ಅದನ್ನು ಗೊಬ್ಬರಗುಂಡಿಗೆ ಹಾಕಿ ಅಂತ ಹೇಳಬಹುದು. ಆದರೆ ರಾಬನ್ನೇ ನಿಲ್ಲಿಸಿ ಅನ್ನುವುದು ಹಳೆಯ ಜಗಳ. ಬ್ರಿಟಿಷ್ ಅರಣ್ಯ ಇಲಾಖೆ ಸೊಪ್ಪು ಕಡಿಯುವುದಕ್ಕೆ ಕಟ್ಟುಪಾಡು ತಂದಾಗ ಠಾಣೆ ಮತ್ತು ಕೊಲಾಬಾ, ಅಂದರೆ ಈಗಿನ ರಾಯಗಡದ ರೈತರು ಎಷ್ಟು ಗಲಾಟೆ ಮಾಡಿದರು ಅಂದರೆ, 1885ರಲ್ಲಿ ಮುಂಬೈ ಸರ್ಕಾರ ಒಂದು ಅರಣ್ಯ ಆಯೋಗವನ್ನೇ ಕೂರಿಸಬೇಕಾಯಿತು.

ಇನ್ನು ನೀವು ಗಿಡ ನೆಡಲು ನೋಡಿರುವ ಖಾಲಿ ಜಾಗ. ಆ ಕಡೆಯ ಇಳಿಜಾರಿನಲ್ಲಿ ‘ದಳಿ’ ಜಮೀನುಗಳಿವೆ. ಠಾಕರ್, ಕಾತಕರಿ ಕುಟುಂಬಗಳು ಬ್ರಿಟಿಷರ ಕಾಲದಿಂದ ಸಾಗುವಳಿ ಮಾಡುತ್ತ ಬಂದ ತುಂಡುಗಳು. ಮೊದಲ ವರ್ಷ ನಾಚಣಿ, ಅಂದರೆ ನಮ್ಮ ರಾಗಿ. ಮುಂದಿನ ವರ್ಷ ವರಿ ಎಂಬ ಕಿರುಧಾನ್ಯ. ಆಮೇಲೆ ಹುಚ್ಚೆಳ್ಳು. ಆಮೇಲೆ ಕೆಲವು ವರ್ಷ ಬಿಡುವು. ನೀವು ಹೋದದ್ದು ಬಿಡುವಿನ ವರ್ಷದಲ್ಲಾದರೆ ಅದು ಪಾಳು ಅಂತಲೇ ಕಾಣುತ್ತದೆ. ಅಲ್ಲಿ ಗಿಡ ನೆಟ್ಟರೆ ಇನ್ನೊಬ್ಬರ ಹೊಲದಲ್ಲಿ ನೆಟ್ಟ ಲೆಕ್ಕ. ಮೊದಲು ಅವರ ವಾಡಿಗೆ, ಅಂದರೆ ಕೇರಿಗೆ ಹೋಗಿ, ಅದು ಯಾರದು ಅಂತ ಕೇಳಿ.

ಪ್ರಶ್ನೆ (ಸಾಯನ್): ಮೇಡಂ, ನಾನು ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಶಿಕ್ಷಕಿ. ಸ್ಥಳಾಂತರ ಬೇಸಾಯದಿಂದ ಕಾಡು ನಾಶವಾಗುತ್ತದೆ ಅಂತ ಹೇಳಿಕೊಡುತ್ತ ಬಂದಿದ್ದೇವೆ. ಮೊನ್ನೆ ಒಬ್ಬ ಹುಡುಗ, ‘ಟೀಚರ್, ಅಷ್ಟು ಹಿಂದಿನಿಂದ ಸುಡ್ತಾ ಬಂದಿದ್ರೆ ಈಗ ಸುಡೋಕೆ ಕಾಡು ಹೇಗೆ ಉಳಿದಿದೆ?’ ಅಂದ. ಏನು ಹೇಳಲಿ?

ಉತ್ತರ: ಮೊದಲು ಆ ಹುಡುಗನಿಗೆ ನನ್ನ ಲೆಕ್ಕದಲ್ಲಿ ಒಂದು ಪೆನ್ ಕೊಡಿಸಿ.

ಆಮೇಲೆ ಬೋರ್ಡಿನ ಮೇಲೆ ಒಂದು ಗುಣಾಕಾರ ಮಾಡಿ. ಒಂದು ಮನೆಗೆ ವರ್ಷಕ್ಕೆ ಎರಡು ಎಕರೆ ಬೇಕು ಅಂದುಕೊಳ್ಳಿ. ಒಮ್ಮೆ ಬೆಳೆದ ಜಾಗಕ್ಕೆ ಹನ್ನೆರಡು ವರ್ಷದ ಮೇಲೆ ವಾಪಸ್ ಬರುತ್ತಾರೆ. ಹಾಗಾದರೆ ಆ ಮನೆಗೆ 24 ಎಕರೆ ಗುಡ್ಡ ಬೇಕು. ಅದರಲ್ಲಿ ಯಾವ ವರ್ಷ ನೋಡಿದರೂ 22 ಎಕರೆ ಕಾಡಾಗಿ ಬೆಳೆಯುತ್ತಿರುತ್ತದೆ. ಈಗ ಅರ್ಧ ಗುಡ್ಡವನ್ನು ಸರ್ಕಾರ ಮೀಸಲು ಅರಣ್ಯ ಮಾಡಿತು. ಉಳಿದದ್ದು 12 ಎಕರೆ. ಆರು ವರ್ಷಕ್ಕೇ ವಾಪಸ್ ಬರಬೇಕು. ಮಕ್ಕಳು ದೊಡ್ಡವರಾಗಿ ಎರಡು ಮನೆ ಆಯಿತು. ಮೂರೇ ವರ್ಷ. ಮೂರು ವರ್ಷದಲ್ಲಿ ಮರ ಬರುವುದಿಲ್ಲ. ಲಂಟಾನ ಬರುತ್ತದೆ, ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಬರುತ್ತದೆ. ಅದನ್ನು ಸುಟ್ಟರೆ ಸಿಗುವ ಬೂದಿ ಒಂದು ಬುಟ್ಟಿ. ಪಠ್ಯಪುಸ್ತಕ ಹೇಳುವುದು ಈ ಮೂರು ವರ್ಷದ ಕಥೆಯನ್ನು. ಹುಡುಗ ಕೇಳುತ್ತಿರುವುದು ಹನ್ನೆರಡು ವರ್ಷದ್ದು.

ಸ್ಥಳಾಂತರ ಬೇಸಾಯಕ್ಕೆ ಈಶಾನ್ಯ ರಾಜ್ಯಗಳಲ್ಲಿ ಜೂಮ್ ಅನ್ನುತ್ತಾರೆ. ಮೇಘಾಲಯದ ಜೂಮ್ ಬೇಸಾಯವನ್ನು ಬಹಳ ಕಾಲ ಅಧ್ಯಯನ ಮಾಡಿದ ಪರಿಸರ ವಿಜ್ಞಾನಿ ಪಿ. ಎಸ್. ರಾಮಕೃಷ್ಣನ್ ಅವರು ಹಾಕಿದ ಗೆರೆ ಸುಮಾರು ಹತ್ತು ವರ್ಷ. ಬಿಡುವು ಅದಕ್ಕಿಂತ ಕಡಿಮೆಯಾದರೆ ಮಣ್ಣು ಕಳೆದುಕೊಂಡದ್ದನ್ನು ಮತ್ತೆ ತುಂಬಿಕೊಳ್ಳುವುದಿಲ್ಲ. ಮಣ್ಣಿನ ಲೆಕ್ಕ ನನಗೆ ಗೊತ್ತಿರುವ ವಿಷಯ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸುಟ್ಟಾಗ ಸಾರಜನಕ, ಗಂಧಕ ಗಾಳಿಗೆ ಹೋಗುತ್ತವೆ. ಪೊಟ್ಯಾಷ್, ಸುಣ್ಣ, ರಂಜಕ ಬೂದಿಯಲ್ಲಿ ಉಳಿಯುತ್ತವೆ. ಮಳೆ ಜಾಸ್ತಿ ಇರುವ ಕಡೆ ಮಣ್ಣು ಹುಳಿ. ಬೂದಿ ಆ ಹುಳಿಯನ್ನು ಮುರಿಯುತ್ತದೆ. ಅದಕ್ಕೇ ಮೊದಲ ವರ್ಷ ಬೆಳೆ ಚೆನ್ನಾಗಿ ಬರುವುದು. ಎರಡನೇ ವರ್ಷಕ್ಕೆ ಮಳೆ ಅರ್ಧ ಬೂದಿ ತೊಳೆದಿರುತ್ತದೆ, ಕಳೆ ಎದ್ದಿರುತ್ತದೆ. ಆಗ ಬಿಟ್ಟು ಹೋಗುತ್ತಾರೆ. ಕಳೆದುಹೋದ ಸಾರಜನಕ ವಾಪಸ್ ಬರುವುದು ಬಿಡುವಿನ ವರ್ಷಗಳಲ್ಲಿ, ಅಲ್ಲಿ ಬೆಳೆಯುವ ಗಿಡಮರಗಳಿಂದ. ನಾಗಾಲ್ಯಾಂಡಿನ ಖೊನೋಮಾ ಗ್ರಾಮದವರು ಇದನ್ನು ತಿಳಿದೇ ಹೊಲದ ತುಂಬ ಆಲ್ಡರ್ ಮರ ಬೆಳೆಸಿದ್ದಾರೆ. ಆ ಮರದ ಬೇರು ಸಾರಜನಕ ಹಿಡಿದಿಡುತ್ತದೆ. ಬೆಳೆ ಇಡುವ ವರ್ಷ ಆಳೆತ್ತರಕ್ಕೆ ತಲೆ ಕಡಿಯುತ್ತಾರೆ, ಮರ ಮತ್ತೆ ಚಿಗುರುತ್ತದೆ. ಹಾಗಾಗಿ ಬಿಡುವು ಕಡಿಮೆ ಇದ್ದರೂ ಸಾಕಾಗುತ್ತದೆ.

ಇನ್ನೊಂದನ್ನೂ ಮಕ್ಕಳಿಗೆ ಹೇಳಿ. ಮಿಜೋರಾಂನ ಡಂಪಾ ಕಾಡಿನ ಹತ್ತಿರ ಜಯದೇವ ಮಂಡಲ್ ಮತ್ತು ಟಿ. ಆರ್. ಶಂಕರ್ ರಾಮನ್ ಹಕ್ಕಿಗಳನ್ನು ಎಣಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೂಮ್ ಮಾಡಿ ಬಿಟ್ಟ ಜಾಗ, ತೇಗದ ತೋಟ, ತಾಳೆ ಎಣ್ಣೆಯ ತೋಟ, ಮೂರನ್ನೂ ಹೋಲಿಸಿದರು. ಕಾಡಿನ ಹಕ್ಕಿಗಳು ಜಾಸ್ತಿ ಇದ್ದದ್ದು ಜೂಮ್ ಜಾಗದಲ್ಲಿ. ತಾಳೆ ತೋಟ ಎಲ್ಲಕ್ಕಿಂತ ಕೆಳಗೆ. ವಿಚಿತ್ರ ನೋಡಿ, 2021ರಲ್ಲಿ ತಾಳೆ ಎಣ್ಣೆಗೆಂದು ಕೇಂದ್ರ ಸರ್ಕಾರ 11,040 ಕೋಟಿ ರೂಪಾಯಿಯ ಯೋಜನೆ ಮಾಡಿದಾಗ ಮುಖ್ಯವಾಗಿ ಕಣ್ಣಿಟ್ಟದ್ದು ಈಶಾನ್ಯ ರಾಜ್ಯಗಳ ಮೇಲೆ, ಮತ್ತೆ ಅಂಡಮಾನಿನ ಮೇಲೆ.

ಪ್ರಶ್ನೆ (ವೆರ್ಣಾ): ನಮ್ದು ಬಾಗಲಕೋಟೆ ಜಿಲ್ಲೆ. ಇಲ್ಲಿ ಫ್ಯಾಕ್ಟರಿ ಕೆಲಸ. ಜೊತೆಗಾರನ ಊರು ಇಲ್ಲೇ ಗೋವಾದ ಕಾಣಕೋಣ. ಅವನ ಅಜ್ಜ ಗುಡ್ಡದಲ್ಲಿ ಕುಮೇರಿ ಮಾಡುತ್ತಿದ್ದರಂತೆ. ಈಗ ಅಲ್ಲೆಲ್ಲ ಗೇರು. ಅಜ್ಜನ ಕಾಲವೇ ಚಲೋ ಇತ್ತು ಅಂತಾನ. ನಮ್ಮ ಕಡೆ ಹೊಲ ಅಂದ್ರ ಹೊಲ, ಅಡವಿ ಅಂದ್ರ ಅಡವಿ. ಕಾಡೊಳಗ ಬಿತ್ತೋದು ನನ್ನ ತಲೆಗೆ ಹೋಗವಲ್ದು.

ಉತ್ತರ: ನಿಮ್ಮ ಕಡೆ ಎರೆಮಣ್ಣು, ಸಪಾಟು ನೆಲ, ಕಡಿಮೆ ಮಳೆ. ನೇಗಿಲು ಹೊಡೆದರೂ ಮಣ್ಣು ಅಲ್ಲೇ ಇರುತ್ತದೆ. ಕಾಣಕೋಣದ ಇಳಿಜಾರಿನಲ್ಲಿ ನೇಗಿಲು ಹೊಡೆದು ನೋಡಿ. ಒಂದೇ ಮಳೆಗಾಲಕ್ಕೆ ಮೇಲ್ಮಣ್ಣು ಹೊಳೆ ಸೇರಿರುತ್ತದೆ. ಕುಮರಿಯವರು ಉಳುವುದೇ ಇಲ್ಲ.

ನಮ್ಮ ಮನೆಗೆ ಜೋಯಿಡಾ ಕಡೆಯಿಂದ ಗೆಣಸು ತರುತ್ತಿದ್ದ ಕುಣಬಿ ಸಮುದಾಯದ ಅಜ್ಜಿ ಒಬ್ಬರಿದ್ದರು. ಜಗಲಿಯಲ್ಲಿ ಕೂತು ಕವಳ ಹಾಕುತ್ತ ಕುಮರಿ ಕಥೆ ಹೇಳುತ್ತಿದ್ದರು. ದೀಪಾವಳಿ ಮುಗಿದ ಮೇಲೆ ಊರವರೆಲ್ಲ ಸೇರಿ ಆ ವರ್ಷದ ಗುಡ್ಡ ಆರಿಸುವುದು. ಪೊದೆ ಸವರುವುದು. ಮಾವು, ಹಲಸು, ದೊಡ್ಡ ಮರ ಮುಟ್ಟುವ ಹಾಗಿಲ್ಲ. ಸಣ್ಣ ಮರಗಳನ್ನು ಸೊಂಟದ ಎತ್ತರಕ್ಕೆ ಕಡಿಯುವುದು, ಬುಡ ಕೀಳುವ ಹಾಗಿಲ್ಲ. ಬೇಸಿಗೆಯಿಡೀ ಒಣಗಿಸಿ, ಬೆಂಕಿ ದಾಟದಂತೆ ಸುತ್ತ ನೆಲ ಸವರಿ ಗೆರೆ ಹೊಡೆದು, ಮಳೆ ಬರುವ ಮುಂಚೆ ಬೆಂಕಿ. ಆ ಗೆರೆ ದಾಟಿ ಬೆಂಕಿ ಹೋದರೆ ಊರಲ್ಲಿ ಮುಖ ತೋರಿಸುವ ಹಾಗಿರಲಿಲ್ಲವಂತೆ. ಮೊದಲ ಮಳೆಗೆ ರಾಗಿ, ಸಾಮೆ. ನಡುವೆ ತೊಗರಿ, ಸೌತೆ, ಕುಂಬಳ, ಮೆಣಸು. ಹಂದಿ ಕಾಯಲು ಅಟ್ಟ. ಎರಡು ವರ್ಷ ಬೆಳೆದು ಮುಂದಿನ ಗುಡ್ಡಕ್ಕೆ ಹೋಗುವುದು. ಬುಡ ಉಳಿದಿರುವುದರಿಂದ ಮರ ತಾನೇ ಚಿಗುರುತ್ತದೆ. ಕುಮರಿಯ ಕಾಡು ಎದ್ದು ಬರುವುದು ಬೀಜದಿಂದ ಅಷ್ಟಲ್ಲ, ಹಳೆಯ ಬೇರಿನಿಂದ. ಹೊಲ ಮತ್ತು ಅಡವಿ ಒಂದೇ ಜಾಗದಲ್ಲಿ ಸರದಿ ಪ್ರಕಾರ ಇರುತ್ತಿದ್ದವು, ಅಷ್ಟೇ.

ಹಾಗಾದರೆ ಕುಮರಿ ನಿಂತುಹೋದದ್ದು ಹೇಗೆ? ಈಸ್ಟ್ ಇಂಡಿಯಾ ಕಂಪನಿಯ ಸಮೀಕ್ಷೆಗೆಂದು ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದಾಗ ಕುಮರಿ ಮಾಮೂಲಿ ಬೇಸಾಯ. ಅವನು ಬರೆದಿಟ್ಟಿದ್ದಾನೆ. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಹಡಗಿಗೆ ತೇಗ ಬೇಕು, ರೈಲು ಹಳಿಯ ಕೆಳಗೆ ಹಾಕಲು ಮರದ ದಿಮ್ಮಿ ಬೇಕು. 1853ರಲ್ಲಿ ಬೋರಿ ಬಂದರಿನಿಂದ ಠಾಣೆಗೆ ರೈಲು ಓಡಿತಲ್ಲ, ಆಮೇಲೆ ದಿಮ್ಮಿಯ ಹಸಿವು ಇನ್ನೂ ಜಾಸ್ತಿ. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಹ್ಯೂ ಕ್ಲೆಗಾರ್ನ್ ಕುಮರಿಯ ಕಡು ವಿರೋಧಿ. 1860ರಲ್ಲಿ ಮದ್ರಾಸ್ ಸರ್ಕಾರ ತನ್ನ ಕಾಡುಗಳಲ್ಲಿ ಅನುಮತಿ ಇಲ್ಲದೆ ಕುಮರಿ ಮಾಡಬಾರದು ಎಂದಿತು. ಎರಡು ವರ್ಷದ ಮೇಲೆ, 1862ರಲ್ಲಿ, ನಮ್ಮ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಬಂತು. ಬಿಗಿ ಮಾತ್ರ ಸಡಿಲಾಗಲಿಲ್ಲ. ಕುಮರಿ ಕಾಡು ತಿನ್ನುತ್ತದೆ ಅಂತ ನಿಲ್ಲಿಸಿದವರೇ ಆ ಕಾಡಿನ ತೇಗವನ್ನು ಕಡಿದು ಸಾಗಿಸಿದರು. ಇದು ನನಗೆ ಇಂದಿಗೂ ಜೀರ್ಣವಾಗದ ಸಂಗತಿ.

ಬರ್ಮಾದಲ್ಲಿ ಇನ್ನೂ ಜಾಣತನ ಮಾಡಿದರು. ಡೀಟ್ರಿಕ್ ಬ್ರಾಂಡಿಸ್ ಎಂಬ ಜರ್ಮನ್ ಅಧಿಕಾರಿ ಅಲ್ಲಿನ ಕರೆನ್ ಜನಕ್ಕೆ, ನೀವು ಗುಡ್ಡ ಸುಟ್ಟು ಬೆಳೆ ತೆಗೆಯಿರಿ, ಜೊತೆಗೆ ತೇಗದ ಸಸಿಯನ್ನೂ ನೆಟ್ಟು ಹೋಗಿ ಎಂದ. ಅದಕ್ಕೆ ಟಾಂಗ್ಯಾ ಎನ್ನುತ್ತಾರೆ. ಮುಂದೆ ಇಂಡಿಯಾದ ಕಾಡುಗಳಲ್ಲೂ ಅದೇ ನಡೆಯಿತು. ರೈತನಿಗೆ ಎರಡು-ಮೂರು ವರ್ಷದ ಅನ್ನ, ಇಲಾಖೆಗೆ ಪುಕ್ಕಟೆ ತೇಗದ ತೋಟ. ಅವನು ಮತ್ತೆ ಅದೇ ಜಾಗಕ್ಕೆ ಬರುವ ದಾರಿ ಮಾತ್ರ ಮುಚ್ಚಿತು. ಒಂದು ಸಲ ತೇಗ ಬಂದ ಮೇಲೆ ಅದು ಇಲಾಖೆಯದು.

ಈಗ ಗೇರಿಗೆ ಬರೋಣ. ಪೋರ್ಚುಗೀಸರು ಬ್ರೆಜಿಲ್‌ನಿಂದ ತಂದ ಮರ. ಇಳಿಜಾರಿನಲ್ಲಿ, ಜಂಬಿಟ್ಟಿಗೆ ಕಲ್ಲಿನ ನೆಲದಲ್ಲೂ ಬರುತ್ತದೆ. ಬೀಜ ಮಾರಬಹುದು, ಹಣ್ಣಿನಿಂದ ಉರಾಕ್, ಫೆನಿ ಎಂಬ ಮದ್ಯ. ಗೇರು ಫೆನಿಗೆ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಹಾಗಾಗಿ ನಿಮ್ಮ ಗೆಳೆಯನ ಮನೆಯವರು ಗೇರು ಹಾಕಿದ್ದರಲ್ಲಿ ತಪ್ಪೇನಿಲ್ಲ. ಮಕ್ಕಳ ಫೀಸು ಕಟ್ಟಲು ರಾಗಿ ಸಾಕಾಗುವುದಿಲ್ಲ. ಆದರೆ ಗೇರು ತೋಟದ ಕೆಳಗೆ ಹೋಗಿ ನೋಡಿ. ಬಿದ್ದ ಬೀಜ ಕಾಣಬೇಕು ಅಂತ ಪ್ರತಿ ವರ್ಷ ಕೆಳಗಿನ ಗಿಡಗಂಟಿ ಸವರುತ್ತಾರೆ. ಹಳೆಯ ಬೇರು ಚಿಗುರಿದರೂ ಕತ್ತಿಗೆ ಸಿಗುತ್ತದೆ. ಕೆಲವು ವರ್ಷ ಹೀಗೆ ನಡೆದರೆ ಆ ಬೇರೂ ಸಾಯುತ್ತದೆ. ಆಮೇಲೆ ಬಿಡುವು ಕೊಟ್ಟರೂ ಕಾಡು ಬರುವುದಿಲ್ಲ. ಕುಮರಿಗೂ ತೋಟಕ್ಕೂ ನಾನು ಕಾಣುವ ದೊಡ್ಡ ವ್ಯತ್ಯಾಸ ಇದು. ಬೆಂಕಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಬೇರಿನ ಬಗ್ಗೆ ಯಾರೂ ಕೇಳುವುದಿಲ್ಲ. ಬೆಲೆಯ ವಿಷಯ ಬೇರೆ. ನಮ್ಮ ಕಾರ್ಖಾನೆಗಳಿಗೆ ಆಫ್ರಿಕಾದಿಂದ ಹಡಗುಗಟ್ಟಲೆ ಕಚ್ಚಾ ಗೇರುಬೀಜ ಬರುತ್ತದೆ. ಅಲ್ಲಿ ಒಳ್ಳೆ ಬೆಳೆ ಬಂದರೆ ಕಾಣಕೋಣದವನ ಬೀಜದ ದರ ಇಳಿಯುತ್ತದೆ. ಅಜ್ಜನ ರಾಗಿಗೆ ಈ ತಲೆಬಿಸಿ ಇರಲಿಲ್ಲ.

ಅಜ್ಜನ ಕಾಲಕ್ಕೆ ವಾಪಸ್ ಹೋಗಲಾಗದು, ಅಷ್ಟು ಗುಡ್ಡ ಈಗ ಇಲ್ಲ. ಒಂದು ಕೆಲಸ ಮಾಡಬಹುದು. ತೋಟದಲ್ಲಿ ಮುದಿಯಾದ ಗೇರು ಇರುತ್ತದಲ್ಲ, ಅದನ್ನು ಒಂದೇ ಸಲ ಬೋಳಿಸದೆ ವರ್ಷಕ್ಕೊಂದು ಪಟ್ಟಿಯಂತೆ ತೆಗೆದು ಹೊಸ ಕಸಿ ಸಸಿ ನೆಡಲಿ. ಬಿಸಿಲು ಬಿದ್ದ ಆ ಪಟ್ಟಿಯಲ್ಲಿ ಮೂರು ವರ್ಷ ನಾಚಣಿ, ಗೆಣಸು, ಸುವರ್ಣಗಡ್ಡೆ ಬರುತ್ತದೆ. ಪಟ್ಟಿ ಇಳಿಜಾರಿಗೆ ಅಡ್ಡಲಾಗಿರಲಿ, ಉದ್ದಕ್ಕೆ ಬೇಡ. ಎರಡು ಪಟ್ಟಿಯ ನಡುವೆ ಒಂದು ಸಾಲು ಕಾಡುಮರ ಏಳಲು ಬಿಡಲಿ, ಅಲ್ಲಿ ಕತ್ತಿ ಹಾಕಬಾರದು.

ಪ್ರಶ್ನೆ (ಪುಣೆ, ಕೋಥ್ರೂಡ್): ದಿನಾ ಇಲ್ಲಿನ ವೇತಾಳ ಟೇಕಡಿ ಎಂಬ ಗುಡ್ಡಕ್ಕೆ ವಾಕಿಂಗ್ ಹೋಗುತ್ತೇನೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಲ್ಲಿ ಬೋಳಾಗಿರುವ ಕಡೆ ಒಂದು ಆಲದ ಸಸಿ ನೆಡಬೇಕು ಅಂತಿದೆ. ಸರಿನಾ?

ಉತ್ತರ: ಬೇಡ. ಅದು ಅರಣ್ಯ ಇಲಾಖೆಯ ಜಾಗ, ಒಪ್ಪಿಗೆ ಬೇಕು. ಅದಕ್ಕಿಂತ ಹೆಚ್ಚಾಗಿ, ನೀವು ಬೋಳು ಅನ್ನುತ್ತಿರುವುದು ಹುಲ್ಲುಗಾವಲು. ಪುಣೆಯ ಟೇಕಡಿಗಳ ಹುಟ್ಟುಗುಣವೇ ಹುಲ್ಲು, ನಡುನಡುವೆ ಕಗ್ಗಲಿ, ಬಿಳಿಜಾಲಿಯಂಥ ಮರ. ನೆಲಗುಬ್ಬಿ, ಬಾನಾಡಿ, ಬುರ್ಲಿ ಹಕ್ಕಿ ಗೂಡು ಕಟ್ಟುವುದು ಆ ಹುಲ್ಲಿನಲ್ಲಿ. ಹಸಿರು ಮಾಡುತ್ತೇವೆ ಅಂತ ಹೋಗಿ ಗ್ಲಿರಿಸಿಡಿಯಾ ತುಂಬಿಸಿದ್ದನ್ನು ದಿನಾ ನೋಡುತ್ತೀರಿ. ಫೆಬ್ರುವರಿಯಲ್ಲಿ ಗುಲಾಬಿ ಹೂ ಬಿಡುತ್ತದಲ್ಲ, ಅದೇ. ನಮ್ಮ ಕಡೆ ಗೊಬ್ಬರದ ಗಿಡ. ಗದ್ದೆಯ ಬದುವಿಗೆ ಅದು ಬಂಗಾರ, ಟೇಕಡಿಗೆ ಕಾಟ. ಅದರ ಕೆಳಗೆ ಹುಲ್ಲು ಏಳುವುದು ಕಡಿಮೆ. ಆಲದ ಸಸಿಯನ್ನು ಮೊಮ್ಮಗಳ ಶಾಲೆಗೋ ನಿಮ್ಮ ಊರಿನ ಕೆರೆ ಏರಿಗೋ ಕೊಡಿ. ಅವಳನ್ನು ಟೇಕಡಿಗೆ ಕರೆದುಕೊಂಡು ಹೋಗಿ ಹುಲ್ಲು ಎಷ್ಟು ಬಗೆ ಅಂತ ಎಣಿಸಲು ಹೇಳಿ.

ಪ್ರಶ್ನೆ (ಹಿಂಜವಡಿ): ನಮ್ಮ ಕಂಪನಿ ಮುಳಶಿ ಕಡೆ ಹತ್ತು ಸಾವಿರ ಗಿಡ ನೆಡುವ ಕೆಲಸ ಒಂದು ಸಂಸ್ಥೆಗೆ ವಹಿಸುತ್ತಿದೆ. ಕಮಿಟಿಯಲ್ಲಿ ನಾನೂ ಇದ್ದೇನೆ. ಏನು ಕೇಳಬೇಕು?

ಉತ್ತರ: ಈಗ ಆ ಜಾಗದಲ್ಲಿ ಏನಿದೆ ಅಂತ ಕೇಳಿ. ‘ಏನೂ ಇಲ್ಲ ಸರ್, ವೇಸ್ಟ್ ಲ್ಯಾಂಡ್’ ಅಂದರೆ ಎಚ್ಚರ. ಕೇಂದ್ರ ಸರ್ಕಾರದ ವೇಸ್ಟ್‌ಲ್ಯಾಂಡ್ ನಕ್ಷೆಯಲ್ಲಿ ಜೂಮ್ ಮಾಡುತ್ತಿರುವ ಜಾಗ, ಜೂಮ್ ಮಾಡಿ ಬಿಟ್ಟ ಜಾಗ ಎರಡನ್ನೂ ಪಾಳುಭೂಮಿಯ ಪಟ್ಟಿಗೇ ಸೇರಿಸಿದ್ದಾರೆ. ಕುರುಚಲು ಕಾಡೂ ಅಲ್ಲೇ. ಕಾಗದದಲ್ಲಿ ಪಾಳು ಅಂದರೆ ನೆಲದಲ್ಲಿ ಪಾಳು ಅಂತಲ್ಲ. ಹುಲ್ಲು ಯಾರ ದನ ತಿನ್ನುತ್ತವೆ, ಯಾರ ಮನೆಯ ಸೌದೆ ಅಲ್ಲಿಂದ ಬರುತ್ತದೆ ಅಂತ ಹಳ್ಳಿಗೆ ಹೋಗಿ ವಿಚಾರಿಸಿ.

ಸಸಿಯ ಸಂಖ್ಯೆಗೆ ಮರುಳಾಗಬೇಡಿ. ಮಹಾರಾಷ್ಟ್ರ ಸರ್ಕಾರದ ಗುರಿ 2016ರಲ್ಲಿ 2 ಕೋಟಿ, 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ ಸಸಿ. ಆಮೇಲೆ ಎಷ್ಟು ಬದುಕಿದವು ಅನ್ನುವುದರ ಮೇಲೇ ವಾದ ಶುರುವಾಯಿತು. ನೆಡುವ ದಿನದ ಫೋಟೊ ಎಲ್ಲರೂ ಕೊಡುತ್ತಾರೆ. ಮೂರನೇ ಬೇಸಿಗೆಯಲ್ಲಿ ನೀರು ಹಾಕುವವರ ಸಂಬಳ ಯಾರು ಕೊಡುತ್ತಾರೆ ಅಂತ ಒಪ್ಪಂದದಲ್ಲಿ ಬರೆಸಿ. ಜಾಸ್ತಿ ಸಸಿ ತುರುಕಿದಷ್ಟೂ ಪುಣ್ಯ ಅನ್ನುವ ಲೆಕ್ಕ ಸರ್ಕಾರದಲ್ಲೂ ಇದೆ. ಗಿಡ ನೆಟ್ಟವರಿಗೆ ಅಂಕ ಕೊಡುವ ಕೇಂದ್ರದ 2023ರ ಗ್ರೀನ್ ಕ್ರೆಡಿಟ್ ಯೋಜನೆಗೆ ಮುಂದಿನ ವರ್ಷ ಬಂದ ನಿಯಮದಲ್ಲಿ ಹೆಕ್ಟೇರಿಗೆ ಕನಿಷ್ಠ 1,100 ಮರ ಅಂತಿತ್ತು. ಹುಲ್ಲುಗಾವಲಿಗೆ ಅಷ್ಟು ಮರ ಹೊರಿಸಿದರೆ ಹುಲ್ಲು ಸತ್ತಂತೆಯೇ.

ನಿಮ್ಮ ಮ್ಯಾನೇಜರ್ ‘ದೇಶದಲ್ಲಿ ಕಾಡು ಹೆಚ್ಚಾಗಿದೆ’ ಅನ್ನಬಹುದು. 2023ರ ಅರಣ್ಯ ಸ್ಥಿತಿ ವರದಿಯಂತೆ ದೇಶದ ನೆಲದಲ್ಲಿ 21.76% ಅರಣ್ಯ ಹೊದಿಕೆ. ಆದರೆ ಆ ಲೆಕ್ಕ ಹಾಕುವುದು ಉಪಗ್ರಹದ ಚಿತ್ರದಿಂದ. ಕನಿಷ್ಠ ಒಂದು ಹೆಕ್ಟೇರ್ ಜಾಗ, ಮೇಲೆ ಕನಿಷ್ಠ 10% ಮರದ ಹೊದಿಕೆ, ಅಷ್ಟಿದ್ದರೆ ಅರಣ್ಯ. ಜಾಗ ಯಾರದು, ಮರ ಯಾವುದು ಅನ್ನುವುದು ಲೆಕ್ಕಕ್ಕಿಲ್ಲ. ನಿಮ್ಮ ಮಾವನ ಹಾಪೂಸ್ ಮಾವಿನ ತೋಟವೂ ಅದರಲ್ಲಿ ಅರಣ್ಯವೇ. ಕುಮರಿಯವನು ಬಿಡುವು ಬಿಟ್ಟ ಗುಡ್ಡದಲ್ಲಿ ನಲವತ್ತು ಬಗೆ ಗಿಡ ಎದ್ದಿರಲಿ, ಹೊದಿಕೆ ಇನ್ನೂ ತೆಳುವಾಗಿದ್ದರೆ ಅದು ಕುರುಚಲು ಅಷ್ಟೇ.

ಪ್ರಶ್ನೆ (ಅಂಧೇರಿ): ಸಣ್ಣ ಜಾಗದಲ್ಲಿ ಸಸಿಗಳನ್ನು ಒತ್ತೊತ್ತಾಗಿ ನೆಟ್ಟು ಬೆಳೆಸುವ ಮಿಯಾವಾಕಿ ಕಾಡು ಒಳ್ಳೆಯದಾ?

ಉತ್ತರ: ಕಾಂಕ್ರೀಟಿನ ನಡುವೆ ಸಿಕ್ಕ ತುಂಡು ಜಾಗಕ್ಕೆ ಒಳ್ಳೆಯದು, ಊರಿನ ಮರಗಳನ್ನೇ ನೆಟ್ಟರೆ. ಖರ್ಚು ಜಾಸ್ತಿ. ಗುಡ್ಡಕ್ಕೆ ಬೇಡ.

ಪ್ರಶ್ನೆ (ಠಾಣೆ): ಅಕ್ಕಾ, ಹೊನ್ನಾವರದ ಹತ್ತಿರ ನಮ್ಮದು ಮೂರು ಎಕರೆ ಬೇಣ, ಅಂದರೆ ಹುಲ್ಲು-ಸೊಪ್ಪಿನ ಗುಡ್ಡದ ಜಾಗ ಇದೆ. ಊರಲ್ಲಿ ನೋಡುವವರಿಲ್ಲ. ಅಣ್ಣ ಅಕೇಶಿಯಾ ಹಾಕೋಣ, ನೋಡದಿದ್ರೂ ಬೆಳೆಯುತ್ತದೆ, ಹತ್ತು ವರ್ಷಕ್ಕೆ ದುಡ್ಡು ಅಂತಾನೆ. ನನಗೆ ಮನಸ್ಸಿಲ್ಲ. ಏನು ಮಾಡಲಿ?

ಉತ್ತರ: ಅಣ್ಣ ಹೇಳುವುದರಲ್ಲಿ ಸುಳ್ಳಿಲ್ಲ. ಅಕೇಶಿಯಾ ನೋಡದಿದ್ದರೂ ಬೆಳೆಯುತ್ತದೆ, ದನ ತಿನ್ನುವುದಿಲ್ಲ. ಅದಕ್ಕೇ ಕರಾವಳಿ ತುಂಬ ನೆಟ್ಟರು. ದನ ತಿನ್ನದ್ದು ಬೇರೆ ಪ್ರಾಣಿಗೂ ಹೆಚ್ಚು ಉಪಯೋಗವಿಲ್ಲ. ಎಲೆ ಬೇಗ ಕೊಳೆಯುವುದಿಲ್ಲ, ಬೇಸಿಗೆಯಲ್ಲಿ ಅದೇ ದರಕು ಬೆಂಕಿಗೆ ಮೇವು. ಬಾವಿ ಹತ್ತಿರ ನೀಲಗಿರಿಯಂತೂ ಬೇಡವೇ ಬೇಡ. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರ 2017ರಲ್ಲಿ ನಿಷೇಧಿಸಿತು. ಅದಕ್ಕೂ ಮೂವತ್ತು ವರ್ಷ ಮುಂಚೆ, 1987ರ ನವೆಂಬರ್‌ನಲ್ಲಿ, ಹಾನಗಲ್ ತಾಲ್ಲೂಕಿನ ಕುಸನೂರಿನ ಜನ ಗುದ್ದಲಿ ಹಿಡಿದು ಹೋಗಿ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಮರದ ಸಸಿ ನೆಟ್ಟಿದ್ದರು. ‘ಕಿತ್ತಿಕೊ-ಹಚ್ಚಿಕೊ’ ಅಂತ ಅದರ ಹೆಸರು. ಹಳ್ಳಿಯ ದನ ಮೇಯುವ, ಸೌದೆ ತರುವ ಸರ್ಕಾರಿ ಜಾಗವನ್ನು ‘ಪಾಳು’ ಅಂತ ಹೇಳಿ ಕಾಗದದ ತಿರುಳಿನ ಮರ ಬೆಳೆಯಲು ಕೊಟ್ಟಿದ್ದರು, ಜಗಳ ಅದಕ್ಕೆ. ಸುಮಾರು 30,000 ಹೆಕ್ಟೇರ್ ಕೊಡುವ ಯೋಜನೆ. ಅದಕ್ಕೆಂದು ಸರ್ಕಾರವೇ ಪಾಲುದಾರನಾಗಿ ಮಾಡಿದ್ದ ಕಂಪನಿ 1991ರಲ್ಲಿ ಮುಚ್ಚಿತು.

ನಿಮ್ಮ ಬೇಣಕ್ಕೆ ನನ್ನ ಸಲಹೆ. ಮೊದಲ ವರ್ಷ ಏನೂ ನೆಡಬೇಡಿ. ಬೇಲಿ ಹಾಕಿ, ಬೆಂಕಿ ಬಾರದಂತೆ ಸುತ್ತ ಗೆರೆ ಹೊಡೆಸಿ, ಸುಮ್ನೆ ಬಿಡಿ. ಹಳೆಯ ಬೇರುಗಳಿಂದ ಮತ್ತಿ, ಹೊನ್ನೆ, ನೇರಳೆ, ಕವಳಿ ಏಳುತ್ತವೆಯೇ ನೋಡಿ. ಎದ್ದರೆ ನಿಮ್ಮ ಅರ್ಧ ಕೆಲಸ ಪುಕ್ಕಟೆ ಆಯಿತು. ಎರಡನೇ ವರ್ಷ ನಡುವೆ ಖಾಲಿ ಉಳಿದ ಕಡೆ ಮಾತ್ರ ಮುರುಗಲು (ಕೋಕಂ), ಉಪ್ಪಾಗೆ, ಅಪ್ಪೆಮಿಡಿ, ವಾಟೆ, ಹಲಸು. ಮುರುಗಲು, ಉಪ್ಪಾಗೆ ಎರಡಕ್ಕೂ ಒಣಸಿಪ್ಪೆಯ ಮಾರುಕಟ್ಟೆ ಇದೆ. ಒಂದು ಎಚ್ಚರ. ಮುರುಗಲಿನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದ ಸಸಿ ನೆಟ್ಟರೆ ಸುಮಾರು ಅರ್ಧ ಗಂಡು ಬರುತ್ತವೆ. ಅದು ಗೊತ್ತಾಗುವುದು ಹೂ ಬಿಟ್ಟಾಗ, ಆರೇಳು ವರ್ಷ ಕಾದ ಮೇಲೆ. ಕಸಿ ಸಸಿಯನ್ನೇ ತನ್ನಿ. ದಾಪೋಲಿಯ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ‘ಕೊಂಕಣ ಅಮೃತಾ’ ತಳಿ ಠಾಣೆಯಲ್ಲಿರುವ ನಿಮಗೆ ದೂರವಲ್ಲ, ಊರಿಗೆ ಹೋಗುವಾಗ ದಾರಿಯಲ್ಲೇ ತೆಗೆದುಕೊಂಡು ಹೋಗಬಹುದು. ನೋಡುವವರಿಲ್ಲ ಅಂದಿರಲ್ಲ, ಪಕ್ಕದ ಮನೆಯವರಿಗೆ ಮೊದಲ ಮೂರು ವರ್ಷ ಸಸಿಗಳ ನಡುವೆ ಗೆಣಸು, ಅರಿಸಿನ, ಸುವರ್ಣಗಡ್ಡೆ ಬೆಳೆದುಕೊಳ್ಳಲು ಬಿಡಿ. ಬೆಳೆ ಪೂರ್ತಿ ಅವರಿಗೆ. ಸಸಿಗೆ ನೀರು, ಕಾವಲು ಎರಡೂ ಆಗುತ್ತದೆ. ಬ್ರಾಂಡಿಸ್ ಮಾಡಿದ್ದೂ ಇದನ್ನೇ. ಮೂರು ವರ್ಷ ಆದ ಮೇಲೆ ಅವರನ್ನು ಹೊರಗೆ ಹಾಕುವ ಬದಲು ಮುರುಗಲಿನಲ್ಲಿ ಒಂದು ಪಾಲು ಕೊಡಿ.

ಪ್ರಶ್ನೆ (ಮಡಗಾಂವ್): ಅಕ್ಕಾ, ನಾವು ಜೋಯಿಡಾದ ಕುಣಬಿಗಳು. ನಾನು ಇಲ್ಲಿ ಹೋಟೆಲ್ ಕೆಲಸದಲ್ಲಿದ್ದೇನೆ. ಅಪ್ಪ ಮೊದಲು ಕುಮರಿ ಇದ್ದ ಜಾಗದಲ್ಲೇ ಈಗಲೂ ಗೆಣಸು, ರಾಗಿ ಬೆಳೆಯುತ್ತಾರೆ. ಅರಣ್ಯ ಹಕ್ಕಿಗೆ ಅರ್ಜಿ ಹಾಕಿದ್ದೆವು. ಸಾಕ್ಷಿ ಸಾಲದು ಅಂತ ತಳ್ಳಿಹಾಕಿದ್ದಾರಂತೆ. ಗೋವಾದ ನಮ್ಮ ಸಂಬಂಧಿಕರಿಗೆ ಎಸ್‌ಟಿ ಇದೆ, ನಮಗಿಲ್ಲ. ಇನ್ನೇನು ದಾರಿ?

ಉತ್ತರ: ಗೋವಾದ ಕುಣಬಿ, ಗಾವಡಾ, ವೇಳಿಪ ಸಮುದಾಯಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. ಜೋಯಿಡಾದವರ ಬೇಡಿಕೆ ಬಹಳ ಹಳೆಯದು. ಗಡಿಯ ಆಚೆ ಈಚೆ ಒಂದೇ ಮಾತು, ಒಂದೇ ದೇವರು, ಒಂದೇ ಗೆಣಸು, ಕಾಗದ ಮಾತ್ರ ಬೇರೆ. ಇದರಿಂದ ಅರಣ್ಯ ಹಕ್ಕಿನಲ್ಲಿ ಆಗುವ ತೊಂದರೆ ಹೀಗಿದೆ. 2006ರ ಕಾಯ್ದೆಯಂತೆ ಎಲ್ಲರೂ 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ಜಾಗದಲ್ಲಿರಬೇಕು. ಪರಿಶಿಷ್ಟ ಪಂಗಡದವರಿಗೆ ಅಷ್ಟು ತೋರಿಸಿದರೆ ಸಾಕು. ನಿಮ್ಮಂಥ ‘ಇತರ ಸಾಂಪ್ರದಾಯಿಕ ಅರಣ್ಯವಾಸಿ’ಗಳು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನಲ್ಲಿ ಬದುಕಿದ್ದಕ್ಕೆ ಸಾಕ್ಷಿ ಕೊಡಬೇಕು. ಕುಮರಿ ಮಾಡುವವರಿಗೆ ಇದು ಇನ್ನೂ ಕಷ್ಟ. ಒಂದೇ ತುಂಡಿನಲ್ಲಿ ಪ್ರತಿ ವರ್ಷ ಉತ್ತವರಲ್ಲವಲ್ಲ.

ಸಾಕ್ಷಿ ಅಂದರೆ ಸರ್ಕಾರಿ ಕಾಗದ ಒಂದೇ ಅಲ್ಲ. ನಿಯಮದಲ್ಲಿ ಹಿರಿಯರ ಹೇಳಿಕೆಗೂ ಜಾಗವಿದೆ, ಅರ್ಜಿ ಹಾಕಿದವರು ಬಿಟ್ಟು ಬೇರೆ ಹಿರಿಯರು, ಬರವಣಿಗೆಯಲ್ಲಿ. ಹಳೆಯ ಮನೆಯ ಅಡಿಪಾಯ, ಬಾವಿ, ಸ್ಮಶಾನ, ದೇವರ ಕಟ್ಟೆ ಕೂಡ ನಡೆಯುತ್ತದೆ. ಗೆಜೆಟಿಯರ್, ಹಳೆಯ ಅರಣ್ಯ ದಾಖಲೆ, ಕುಮರಿಗೆ ಹಿಂದೆ ಹಾಕಿದ ದಂಡದ ರಸೀದಿ ಇದ್ದರಂತೂ ತುಂಬ ಒಳ್ಳೆಯದು. ಅಜ್ಜ ದಂಡ ಕಟ್ಟಿದ್ದರೆ ಅಜ್ಜ ಅಲ್ಲಿದ್ದ ಅಂತಲೇ ಅಲ್ವಾ? ಒಂದಕ್ಕಿಂತ ಹೆಚ್ಚು ಬಗೆಯ ಸಾಕ್ಷಿ ಇರಲಿ.

‘ತಳ್ಳಿಹಾಕಿದ್ದಾರಂತೆ’ ಅಂತ ಬರೆದಿದ್ದೀರಿ. ಅಂತೆಕಂತೆ ಬೇಡ. ಕಾರಣ ಬರೆದ ಆದೇಶ ನಿಮ್ಮ ಅಪ್ಪನ ಕೈಗೆ ಬರಬೇಕು, ಅದು ನಿಯಮ. ಬಂದಿಲ್ಲವಾದರೆ ಕೊಡಿ ಅಂತ ಅರ್ಜಿ ಬರೆದು, ಒಂದು ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳಿ. ಗ್ರಾಮಸಭೆಯ ತೀರ್ಮಾನದ ಮೇಲಾದರೆ ಉಪವಿಭಾಗ ಸಮಿತಿಗೆ, ಉಪವಿಭಾಗ ಸಮಿತಿಯ ತೀರ್ಮಾನದ ಮೇಲಾದರೆ ಜಿಲ್ಲಾ ಸಮಿತಿಗೆ ಮೇಲ್ಮನವಿ ಹಾಕಬಹುದು. ಎರಡಕ್ಕೂ ಅವಧಿ 60 ದಿನ. ನಿಮ್ಮ ಮಾತು ಕೇಳದೆ ಮೇಲಿನ ಸಮಿತಿ ಅದನ್ನು ತಳ್ಳಿಹಾಕುವಂತಿಲ್ಲ. ವಿಚಾರಣೆಯ ದಿನ ಅಪ್ಪ ಒಬ್ಬರೇ ಹೋಗುವುದು ಬೇಡ, ನೀವು ರಜೆ ಹಾಕಿ ಜೊತೆಗೆ ಹೋಗಿ. ಊರಿನ ಇಬ್ಬರು ಹಿರಿಯರನ್ನೂ ಕರೆದುಕೊಂಡು ಹೋಗಿ. ಆದೇಶದ ಪ್ರತಿ ಸಿಕ್ಕ ಮೇಲೆ ನನಗೊಂದು ಜೆರಾಕ್ಸ್ ಕಳಿಸಿ. ಹೇಗೂ ಒಂದೇ ಊರಲ್ಲಿದ್ದೇವೆ, ಕೂತು ಮೇಲ್ಮನವಿ ಬರೆಯೋಣ.